ರಜೆಯ ಮರುದಿನದ ಜ್ವರ

ಮೊದಲು ಬಾಯಿ ಸಿಹಿಯಾಗುತ್ತಿತ್ತು. ಕೆಲಸ ಮುಗಿಸಿ ನೀರು ಕುಡಿದರೆ ಯಾರೋ ಬೆಲ್ಲ ಕರಗಿಸಿಟ್ಟ ಹಾಗೆ. ಬೀಡಿ ಹಚ್ಚಿದರೆ ಅದರ ಹೊಗೆಗೂ ಅದೇ ರುಚಿ. ಆಮೇಲೆ ಗಂಟಲು ಒಣಗುವುದು, ಎದೆ ಬಿಗಿಯುವುದು, ದೀಪ ಹಚ್ಚುವ ಹೊತ್ತಿಗೆ ಚಳಿ. ಕಂಬಳಿಯ ಮೇಲೆ ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಎನ್ನುತ್ತಿದ್ದವು. ಚಳಿಯ ಹಿಂದೆ ಜ್ವರ, ಜ್ವರದ ಹಿಂದೆ ಮೈಯೆಲ್ಲ ಬೆವರು. ಬೆಳಗಾದರೆ ಏನೂ ಇಲ್ಲ. ನನ್ನ ಅಣ್ಣ ಎದ್ದು ಮುಖ ತೊಳೆದು, ರೊಟ್ಟಿ ತಿಂದು ಕೆಲಸಕ್ಕೆ ಹೊರಟುಬಿಡುತ್ತಿದ್ದ.

ಅಣ್ಣ ಈಗ ಇಲ್ಲ. ಅವನು ಹೋದ ಮೇಲೆ ಒಂದು ಮಳೆಗಾಲ ಕಳೆಯಿತು. ತುಂಬು ವಯಸ್ಸಿನಲ್ಲಿ, ತನ್ನ ಹಾಸಿಗೆಯಲ್ಲೇ ಹೋದ. ಮಾತನಾಡಿಸಲು ಬಂದವರಿಗೆಲ್ಲ ಇಷ್ಟೇ ಹೇಳಿದೆ. ಒಬ್ಬನೇ ಕೂತಾಗ ಮಾತ್ರ ನನಗೆ ಅವನ ಮುಪ್ಪು ನೆನಪಾಗುವುದಿಲ್ಲ. ಕಲಬುರಗಿಯ ಸ್ಟೇಶನ್ ಬಜಾರದ ಹಿಂದಿನ ಓಣಿಯ ಕಾರ್ಖಾನೆ, ಅಲ್ಲಿ ನಾವಿಬ್ಬರೂ ಆ ಜ್ವರದ ಬೆನ್ನು ಹತ್ತಿದ್ದು, ಅದೇ ನೆನಪಾಗುತ್ತದೆ. ಬರೆದಿಟ್ಟರೆ ಮನಸ್ಸು ಹಗುರಾದೀತೆಂದು ಬರೆಯುತ್ತಿದ್ದೇನೆ.

ಕಾರ್ಖಾನೆ ಎಂದರೆ ದೊಡ್ಡದೇನಲ್ಲ. ತಗಡಿನ ಮಾಡಿನ ಒಂದು ಉದ್ದನೆಯ ಖೋಲಿ, ಮುಂದೆ ಅಂಗಳ. ಯಜಮಾನರು ಮುಸಲ್ಮಾನರು, ಕೈಕೆಲಸದಲ್ಲೇ ಕೂದಲು ಹಣ್ಣಾದವರು. ಅವರನ್ನು ಎಲ್ಲರೂ ಉಸ್ತಾದ್ ಎಂದೇ ಕರೆಯುತ್ತಿದ್ದರು. ನೀರಿನ ತೊಟ್ಟಿ, ಡ್ರಮ್ಮು, ಪೈಪು ಜೋಡಣೆ ಅಲ್ಲಿನ ಕಸುಬು. ತುಕ್ಕು ಹಿಡಿಯದಂತೆ ಸತು ಬಳಿದ ತಗಡು ಬರುತ್ತಿತ್ತು. ನಮ್ಮ ಕಡೆ ಅದಕ್ಕೆ ಜಸ್ತದ ಪತ್ರಾ ಎನ್ನುತ್ತಾರೆ. ಅದನ್ನು ಅಳತೆ ಹಾಕಿ ಕತ್ತರಿಸಿ, ಬಗ್ಗಿಸಿ, ರಿವೆಟ್ ಬಡಿಯುವುದು ನನ್ನ ಪಾಲಿನ ಕೆಲಸ. ಮೂಲೆಗಳನ್ನೂ ಪೈಪು ಸೇರುವ ಬಾಯಿಗಳನ್ನೂ ಬೆಸೆಯುವುದು ಅಣ್ಣನದು.

ಒಂದು ಡ್ರಮ್ಮಿನ ನೀರಿನಲ್ಲಿ ಕಾರ್ಬೈಡ್ ಕಲ್ಲು ಹಾಕಿದರೆ ಗ್ಯಾಸ್ ಏಳುತ್ತದೆ. ಅದನ್ನೂ ಸಿಲಿಂಡರಿನ ಆಕ್ಸಿಜನ್ನನ್ನೂ ರಬ್ಬರ್ ನಳಿಗೆಯಲ್ಲಿ ತಂದು ಒಂದೇ ಬಾಯಿಂದ ಉರಿಸುವುದು. ಆ ಉರಿಯಲ್ಲಿ ಹಿತ್ತಾಳೆ ಕಡ್ಡಿ ಕರಗಿಸಿ ಸಂದಿಯೊಳಗೆ ಹರಿಸಬೇಕು. ದೊಡ್ಡ ತೊಟ್ಟಿಯಾದರೆ ಒಳಗಿಳಿದು ಕೂತೇ ಮಾಡಬೇಕು. ಉರಿ ತಾಗಿದ ಕಡೆ ಜಸ್ತ ಸುಟ್ಟು ದಟ್ಟ ಬಿಳಿ ಹೊಗೆ ಏಳುತ್ತಿತ್ತು. ಹತ್ತಿಯ ಜಿನ್ನಿಂಗ್ ಗಿರಣಿಯಲ್ಲಿ ಎಳೆ ಹಾರಾಡುವ ಹಾಗೆ ಬಿಳಿ ಬೂದಿ ಗಾಳಿಯಲ್ಲಿ ತೇಲುತ್ತಿತ್ತು. ಅಣ್ಣ ಹೊರಗೆ ತಲೆ ಹಾಕಿದಾಗ ಅವನ ಹುಬ್ಬು, ಮೀಸೆ ಮುದುಕನ ಹಾಗೆ ಬೆಳ್ಳಗಾಗಿರುತ್ತಿದ್ದವು. "ಬಾ ಮುತ್ಯಾ, ಕೈ ಹಿಡೀಲೇನು?" ಎಂದು ನಾನು ನಗುತ್ತಿದ್ದೆ. ಆ ಹೊಗೆಯನ್ನು ನಾವು ಯಾರೂ ಕೆಟ್ಟದ್ದೆಂದುಕೊಂಡಿರಲಿಲ್ಲ. ಕಣ್ಣು ಉರಿಯುತ್ತಿರಲಿಲ್ಲ, ಅಂಥ ಕೆಮ್ಮೂ ಬರುತ್ತಿರಲಿಲ್ಲ.

ಜ್ವರ ಬರುತ್ತಿದ್ದದ್ದು ಶನಿವಾರ. ಅದೇ ದೊಡ್ಡ ತೊಡಕಾಯಿತು. ನಿಜಾಮರ ಆಳ್ವಿಕೆಯಲ್ಲಿ ಶುಕ್ರವಾರ ರಜೆ. ಕಚೇರಿ, ಶಾಲೆ ಮುಚ್ಚುತ್ತಿದ್ದವು, ನಮ್ಮ ಕಾರ್ಖಾನೆಯೂ ಮುಚ್ಚುತ್ತಿತ್ತು. ಶನಿವಾರ ಕೆಲಸಕ್ಕೆ ಹೋಗಿ ಬಂದ ಸಂಜೆಯೇ ಅಣ್ಣ ಮಲಗುತ್ತಿದ್ದ. ಶನಿವಾರದ ಜ್ವರವೆಂದ ಮೇಲೆ ನಮ್ಮ ಅವ್ವನಿಗೆ ಬೇರೆ ಯೋಚನೆ ಯಾಕೆ ಬಂದೀತು? ಶನಿಯ ಸಾಡೇಸಾತಿ ಹಿಡಿದಿದೆ ಎಂದಳು. ಹನುಮಂತನ ಗುಡಿಗೆ ಎಣ್ಣೆ ಕೊಡಿಸಿದಳು, ಶನಿವಾರ ಒಪ್ಪೊತ್ತು ಮಾಡಿಸಿದಳು. ಹೊಟ್ಟೆಗಿಲ್ಲದೆ ಅವನು ತೊಟ್ಟಿಯೊಳಗೆ ಇಳಿಯುತ್ತಿದ್ದ. ನೋಡನೋಡುತ್ತ ಅವನ ಕೊರಳ ಎಲುಬುಗಳು ಕಾಣತೊಡಗಿದವು.

ಅದೇ ಸಮಯಕ್ಕೆ ಅತ್ತಿಗೆ ಚೊಚ್ಚಲ ಬಾಣಂತನಕ್ಕೆ ತವರಿಗೆ ಹೋಗಿದ್ದರು. ಅವರ ತವರು ಕಮಲಾಪುರ. ಅವರ ತಂದೆ ಕೆಂಪು ಬಾಳೆ ಬೆಳೆಯುವ ಒಕ್ಕಲಿಗರು, ಮಾತು ಕಡಿಮೆ. ಗಂಡು ಮಗು ಹುಟ್ಟಿದ ಸುದ್ದಿ ತಂದದ್ದು ಅವರೇ. ಆದರೆ ಅವರು ಬಂದದ್ದು ಶನಿವಾರ ಸಂಜೆ. ಪಡಸಾಲೆಯಲ್ಲಿ ಅಳಿಯ ಕಂಬಳಿ ಹೊದ್ದು ನಡುಗುತ್ತಿದ್ದ. ಮಾವ ಪಕ್ಕದಲ್ಲಿ ಕೂತು ಬಹಳ ಹೊತ್ತು ನೋಡಿದರು. ಎಷ್ಟು ದಿನದಿಂದ ಹೀಗೆ, ಬೆವರು ಬರುತ್ತದೇನು ಎಂದು ಕೇಳಿದರು. ಹೊರಡುವಾಗ ಅವ್ವನಿಗೆ ಹೇಳಿದರು:

"ಬೀಗತೀ, ತಪ್ಪು ತಿಳಕೋಬ್ಯಾಡ್ರಿ. ಸಂಜೀ ಜ್ವರ, ಮ್ಯಾಲ ಬೆವರು. ನನ್ನ ತಮ್ಮಗ ಹಿಂಗೇ ಚಾಲೂ ಆಗಿತ್ತು."

"ಅಯ್ಯ, ಹಂಗನಬ್ಯಾಡ್ರಿ ಯಪ್ಪಾ. ಇದು ಶನಿ ಕಾಟ."

"ಇರಲಿ. ಆರಾಮ ಆಗಲಿ. ಆದ ದಿನ ನಾನೇ ಮಗಳ್ನ, ಕೂಸಿನ್ನ ಕರಕೊಂಡು ಬಂದು ಬಿಡ್ತೀನಿ. ಅಲ್ಲೀತನಾ ಕೇಳಬ್ಯಾಡ್ರಿ."

ಅವರ ತಮ್ಮ ಸತ್ತದ್ದು ಕ್ಷಯದಿಂದ. ಅದು ಅವರ ಮನೆಯಲ್ಲಿ ಇನ್ನೂ ಇಬ್ಬರನ್ನು ತೆಗೆದುಕೊಂಡು ಹೋಗಿತ್ತು. ನಾನು ಅವರ ಮೇಲೆ ಸಿಟ್ಟಾಗಿದ್ದೆ, ಆದರೆ ಅಣ್ಣ ಆಗಲಿಲ್ಲ. ಅವನು ಒಳಗೊಳಗೇ ಮಾವನ ಮಾತನ್ನು ನಂಬಿಬಿಟ್ಟಿದ್ದ. ಮರುದಿನದಿಂದ ತನ್ನ ತಾಟು, ಚರಿಗೆ ಬೇರೆ ಇಟ್ಟುಕೊಂಡ. ತೊಟ್ಟಿಲಿಗೆ ಹಾಕುವ ದಿನ ಕಮಲಾಪುರಕ್ಕೆ ಹೋದವನು ಹೊಸ್ತಿಲ ಹೊರಗೇ ನಿಂತು ಮಗುವನ್ನು ನೋಡಿ ಬಂದ. ಒಳಗೆ ಬಾ ಎಂದು ಯಾರೂ ಅನ್ನಲಿಲ್ಲ. ಅಂದಿದ್ದರೂ ಅವನು ಹೋಗುತ್ತಿರಲಿಲ್ಲ.

ಸರಕಾರಿ ದವಾಖಾನೆಗೆ ಕರೆದುಕೊಂಡು ಹೋದೆ. ದವಾಖಾನೆ ತೆರೆಯುವುದು ಬೆಳಿಗ್ಗೆ, ಜ್ವರ ಇಳಿಯುವುದೂ ಬೆಳಿಗ್ಗೆಯೇ. ಡಾಕ್ಟರು ಎದೆಗೆ ನಳಿಗೆ ಇಟ್ಟು ಕೇಳಿದರು, ಕಫ ಪರೀಕ್ಷೆ ಮಾಡಿಸಿದರು. ಏನೂ ಕಾಣಲಿಲ್ಲ. ಕ್ಷಯ ಇದೆ ಎನ್ನಲಾರೆ, ಇಲ್ಲ ಎಂದೂ ಈಗಲೇ ಹೇಳಲಾರೆ, ಕೆಲವು ತಿಂಗಳು ಬಿಟ್ಟು ಬನ್ನಿ ಎಂದರು. ಈ ಮಾತನ್ನು ಹೊತ್ತುಕೊಂಡು ಕಮಲಾಪುರಕ್ಕೆ ಹೋಗುವುದು ಹೇಗೆ?

ಅಷ್ಟರಲ್ಲಿ ನಿಜಾಮರ ಆಳ್ವಿಕೆಯನ್ನು ಮುಗಿಸಿದ ಪೋಲೀಸ್ ಕಾರ್ಯಾಚರಣೆ ನಡೆಯಿತು. ಆ ದಿನಗಳ ಬಗ್ಗೆ ಬೇರೆಯವರು ಬರೆದಿದ್ದಾರೆ. ನಾನು ಕಂಡದ್ದು ಮುಚ್ಚಿದ ಬಾಗಿಲುಗಳನ್ನು ಮಾತ್ರ. ಬಜಾರ ಬಂದಾಗಿತ್ತು, ಉಸ್ತಾದರ ಮನೆಯ ಕದವೂ ತೆರೆಯುತ್ತಿರಲಿಲ್ಲ. ಕದದ ಸಂದಿಯಿಂದ ಅಣ್ಣ ಜೋಳದ ಹಿಟ್ಟು ಕೊಟ್ಟು ಬರುತ್ತಿದ್ದ. ಮತ್ತೆ ಕಾರ್ಖಾನೆ ತೆರೆದಾಗ ಉಸ್ತಾದರು ಮೊದಲಿನಂತೆ ಮಾತನಾಡುತ್ತಿರಲಿಲ್ಲ. ಕೆಲಸ ಮಾತ್ರ ತುಂಬಿಕೊಂಡಿತು. ಹೊಸ ಕಚೇರಿ, ಹೊಸ ಠಾಣೆ, ಎಲ್ಲರಿಗೂ ನೀರಿನ ತೊಟ್ಟಿ ಬೇಕು. ಬಜಾರ ತೆರೆದು ಮೊದಲ ದಿನ ಕೆಲಸ ಮಾಡಿ ಬಂದ ಸಂಜೆ ಅಣ್ಣನಿಗೆ ಬಂದ ಜ್ವರ ಅದುವರೆಗಿನ ಎಲ್ಲಕ್ಕಿಂತ ಕೆಟ್ಟದ್ದು. ಸುಮ್ಮಸುಮ್ಮನೆ ಮಾತನಾಡಿದ. ಅವತ್ತು ಶನಿವಾರ ಅಲ್ಲವೆಂಬುದು ನಮಗೆ ಹೊಳೆಯಲೇ ಇಲ್ಲ. ಹೆದರಿಕೆಯ ಜ್ವರ ಎಂದುಕೊಂಡೆವು. ಆಗ ಎಲ್ಲರೂ ಹೆದರಿದ್ದರು.

ಕೆಲಕಾಲದ ಮೇಲೆ ಹೊಸ ಸರಕಾರ ವಾರದ ರಜೆಯನ್ನು ಶುಕ್ರವಾರದಿಂದ ಭಾನುವಾರಕ್ಕೆ ಬದಲಿಸಿತು. ಕಚೇರಿಗಳು ಭಾನುವಾರ ಮುಚ್ಚಿದರೆ ನಾವು ತೆರೆದು ಏನು ಮಾಡುವುದು? ಉಸ್ತಾದರೂ ಭಾನುವಾರ ರಜೆ ಕೊಟ್ಟರು. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಹೋಗಿ ಬರುತ್ತಿದ್ದರು, ನಾವು ಕೆಲಸ ಮಾಡುತ್ತಿದ್ದೆವು. ರಜೆ ಬದಲಾದ ವಾರದ ಶನಿವಾರ ಅಣ್ಣನಿಗೆ ಜ್ವರ ಬರಲಿಲ್ಲ. ಅವ್ವ ದೀಪ ಹಚ್ಚಿದಳು, ಕಾಯುತ್ತ ಕೂತಳು. ಊಟದ ಹೊತ್ತಾದರೂ ಬರಲಿಲ್ಲ. ಬೆಳಿಗ್ಗೆ ಗುಡಿಗೆ ಹೋಗಿ ಕಾಯಿ ಒಡೆಸಿ, ಓಣಿಗೆಲ್ಲ ಹಂಚಿದಳು. "ಬಿಟ್ಟಾನ ನೋಡು, ಕಡೀಗೂ ನನ್ನ ಮಗನ್ನ ಬಿಟ್ಟಾನ," ಎಂದಳು. ಕಮಲಾಪುರಕ್ಕೆ ಹೇಳಿ ಕಳಿಸಬೇಕೆಂದು ನನಗೆ ಅವಸರ ಮಾಡಿದಳು.

ಸೋಮವಾರ ಸಂಜೆ ಅಣ್ಣ ಮತ್ತೆ ಕಂಬಳಿ ಕೇಳಿದ.

ಅವ್ವ ಕೈಯಲ್ಲಿದ್ದ ಮೊರವನ್ನು ಹಾಗೇ ಕೆಳಗಿಟ್ಟಳು. "ಸೋಮವಾರ ಶಿವನ ವಾರ," ಎಂದಳು. "ಶಿವ ಯಾಕ ಜ್ವರ ಕೊಡ್ತಾನ?" ಅದು ಯಾರನ್ನೂ ಕೇಳಿದ್ದಲ್ಲ. ಆಮೇಲೆ ಅವಳು ಅಡಿಗೆಮನೆಯಿಂದ ಹೊರಗೇ ಬರಲಿಲ್ಲ.

ಮುಂದಿನ ಸೋಮವಾರವೂ ಅದೇ ಆಯಿತು. ಮಂಗಳವಾರ ಬೆಳಿಗ್ಗೆ ಕಾರ್ಖಾನೆಗೆ ಹೋದಾಗ ಉಸ್ತಾದರು ಅಣ್ಣನ ಮುಖ ನೋಡಿ, ಎಷ್ಟೋ ದಿನದ ಮೇಲೆ ಅವನ ಜ್ವರದ ಬಗ್ಗೆ ಒಂದು ಚೇಷ್ಟೆ ಮಾಡಿದರು.

"ನಿನ್ನ ಬುಖಾರ ಸರಕಾರೀ ನೌಕರ ಅದ ನೋಡು ಭಾಯಿ. ಶುಕ್ರವಾರದ ಛುಟ್ಟಿ ಹೋತು, ಐತವಾರದ್ದು ಬಂತು. ಹುಕುಂ ಬಂದ ಕೂಡಲೇ ಅದೂ ತನ್ನ ವಾರ ಬದಲ್ ಮಾಡ್ತು."

ಅಣ್ಣನೂ ನಕ್ಕ. ನಾನು ಕತ್ತರಿ ಹಿಡಿದು ನಿಂತವನು ನಿಂತೇ ಇದ್ದೆ. ಶುಕ್ರವಾರ ರಜೆಯಿದ್ದಾಗ ಶನಿವಾರ. ಭಾನುವಾರ ರಜೆಯಾದಾಗ ಸೋಮವಾರ. ಬಜಾರ ಬಹಳ ದಿನ ಮುಚ್ಚಿ ತೆರೆದ ದಿನ ಎಲ್ಲಕ್ಕಿಂತ ಜೋರು. ಜ್ವರ ಯಾವ ವಾರವನ್ನೂ ಹಿಡಿದಿರಲಿಲ್ಲ, ರಜೆಯ ಬೆನ್ನು ಹಿಡಿದಿತ್ತು. ಕ್ಷಯಕ್ಕೆ ರಜೆಯ ದಿನ ಗೊತ್ತಿರುತ್ತದೆಯೇ?

ಮರುದಿನ ಒಬ್ಬನೇ ದವಾಖಾನೆಗೆ ಹೋದೆ. ಅದೇ ಡಾಕ್ಟರು ಇದ್ದರು. ಅಣ್ಣನ ಕೆಲಸ ಏನೆಂದು ಮೊದಲ ಸಲ ಪೂರ್ತಿ ಹೇಳಿದೆ. ಬೆಸುಗೆ, ಜಸ್ತ, ತೊಟ್ಟಿಯೊಳಗಿನ ಹೊಗೆ, ಬಾಯಿಯ ಸಿಹಿ, ಎಲ್ಲ. ಅವರು ತಡೆಯದೆ ಕೇಳಿದರು.

"ಮಂಗಳವಾರ ಅದೇ ಕೆಲಸ ಮಾಡ್ತಾನೇನು?"

"ಮಾಡ್ತಾನ್ರಿ. ಅವತ್ತು ಬರೂದಿಲ್ಲ."

"ಹಿತ್ತಾಳಿ ಭಟ್ಟಿಯವರಿಗೆ ಇಂಥಾ ಜ್ವರ ಬರ್ತದ ಅಂತ ಓದೀನಿ. ದಿನಾ ಹೊಗಿ ತಗೊಂಡರ ಮೈ ತಡಕೋತದ. ನಡುವ ಒಂದು ದಿನ ಬಿಟ್ಟರ ತಡಕೊಳ್ಳೂದು ಮರೀತದ, ಮತ್ತ ಮೊದಲಿನಿಂದ ಚಾಲೂ. ನಾ ಕಣ್ಣಿಂದ ಯಾರನ್ನೂ ನೋಡಿಲ್ಲ." ಸ್ವಲ್ಪ ಯೋಚಿಸಿ ಮತ್ತೆ ಹೇಳಿದರು: "ಆದರ ಹೊಗೀ ಜ್ವರ ಇದ್ದವಗ ಕ್ಷಯ ಇರಬಾರದು ಅಂತೇನಿಲ್ಲಪಾ. ಎರಡೂ ಇರಬಹುದು. ಒಂದು ಸೋಮವಾರ ಅವನ್ನ ಹೊಗೀಯಿಂದ ದೂರ ಇಡು. ಉಳದ ಕೆಲಸ ಎಲ್ಲಾ ಮಾಡಲಿ. ಸಂಜೀ ಏನಾಗ್ತದ ನೋಡು."

ಸುಲಭದ ಮಾತು. ಆದರೆ ಆ ಕಾಲದಲ್ಲಿ ಜಸ್ತದ ಕೆಲಸವಿಲ್ಲದ ಸೋಮವಾರವೇ ನಮಗಿರಲಿಲ್ಲ. ಕಮಲಾಪುರದ ಮುಸಾಫಿರ ಬಂಗಲೆಗೆ ಒಂದು ದೊಡ್ಡ ತೊಟ್ಟಿ ಒಪ್ಪಿಕೊಂಡಾಗಿತ್ತು. ಅದು ಅಲ್ಲಿಯೇ ಕೂಡಿಸಿ ಬೆಸೆಯಬೇಕಾದದ್ದು, ಬರುವ ಸೋಮವಾರ ಶುರುವಾಗಬೇಕಾದದ್ದು. ನಾನು ಕಪ್ಪು ಕಬ್ಬಿಣದ ತುಂಡುಗಳ ಮೇಲೆ ಬೆಸುಗೆ ಕಲಿತಿದ್ದೆ. ಆ ದಿನದ ಬೆಂಕಿ ನಾನು ಹಿಡಿಯುತ್ತೇನೆ, ಅಣ್ಣ ನನ್ನ ಕೆಲಸ ಮಾಡಲಿ ಎಂದು ಉಸ್ತಾದರಿಗೆ ಹೇಳಿದೆ. ಯಾಕೆಂದೂ ಹೇಳಿದೆ. ಅವರು ನನ್ನ ಕೈ ನೋಡಿದರು, ಕಣ್ಣು ನೋಡಿದರು. "ಕರ್, ಮಗರ್ ಸಂಭಾಲ್ಕೆ," ಎಂದರು, ಎಚ್ಚರದಿಂದ ಮಾಡು ಎಂದು.

ಒಪ್ಪದವನು ಅಣ್ಣ.

"ನನಗಾದದ್ದು ಸಾಲದೇನು? ನಿನಗೂ ಬೇಕಾಗ್ಯಾದೇನು?"

"ನಿನಗ ಇರೂದು ಎದೀ ರೋಗಾದರ ನನಗ್ಯಾಕ ಬರ್ತದ? ಹೊಗೀದಾದರ ಬರ್ತದ."

"ಬಂದರ?"

"ಬಂದರ ಬೆಳಿಗ್ಗೆ ಹೋಗ್ತದಲ್ಲ. ನೀನೇ ನೋಡಿದ್ದೀಯಲ್ಲ."

"ಮತ್ತ ಹೊಗಿ ಕುಡೀದಿದ್ರೂ ನನಗ ಬಂದರ?" ಎಂದ ಅಣ್ಣ.

ಅವನು ಅಂಜುತ್ತಿದ್ದದ್ದು ಅದಕ್ಕೇ. ಇಷ್ಟು ದಿನ ಅನುಮಾನ ಇತ್ತು, ಅನುಮಾನದ ನೆರಳಲ್ಲಿ ಒಂದಿಷ್ಟು ಆಸೆಯೂ ಇತ್ತು. ಆ ಸಂಜೆ ಜ್ವರ ಅವನಿಗೇ ಬಂದರೆ ಹೆಂಡತಿ, ಮಗು ಕಮಲಾಪುರದಲ್ಲೇ ಉಳಿದ ಹಾಗೆ. ಎರಡು ದಿನ ನನ್ನೊಡನೆ ಮಾತು ಬಿಟ್ಟ. ಭಾನುವಾರ ತಾನೇ ಕಾರ್ಬೈಡ್ ಡಬ್ಬಿ ಕಟ್ಟಿ ಬಂಡಿಗೆ ಏರಿಸಿದ.

ಸೋಮವಾರ ಬೆಳಿಗ್ಗೆ ಬಂಗಲೆಯ ಹಿಂದೆ ತಗಡುಗಳನ್ನು ಹರಡಿದೆವು. ಸುದ್ದಿ ತಿಳಿದು ಮಾವ ಬಂದರು. ಅಳಿಯ ಊರಿಗೆ ಬಂದು ಬೇರೆ ಕಡೆ ಊಟ ಮಾಡಿದರೆ ಅವರ ಮನೆತನಕ್ಕೆ ಕುಂದು, ಊಟಕ್ಕೆ ಕರೆಯಲು ಬಂದಿದ್ದರು. ಅಣ್ಣ ಕತ್ತರಿ ಹಿಡಿದದ್ದನ್ನೂ ನಾನು ಬೆಂಕಿ ಹಿಡಿದದ್ದನ್ನೂ ನೋಡಿ ಕೇಳಿದರು:

"ಇವತ್ತು ಕೈ ಯಾಕ ಬದಲಾಗ್ಯಾವ?"

ಮುಚ್ಚಿಡದೆ ಹೇಳಿದೆ. ಅವರು ಬೇವಿನ ಗಿಡದ ಕೆಳಗೆ ಟವೆಲ್ ಹಾಸಿ ಕೂತರು. "ಸಂಜೀತನಾ ನಾನೂ ಇಲ್ಲೇ ಇರ್ತೀನಿ," ಎಂದರು. ನೋಡುವವರು ಬೇಕಾಗಿತ್ತು, ತಾವಾಗಿಯೇ ಸಿಕ್ಕರು.

ಅಣ್ಣ ದಿನವೂ ಹೇಗೆ ಮಾಡುತ್ತಿದ್ದನೋ ಹಾಗೆಯೇ ನಾನು ಮಾಡಿದೆ. ಜಸ್ತ ಉಜ್ಜಿ ತೆಗೆಯಲಿಲ್ಲ, ಬಾಯಿಗೆ ಬಟ್ಟೆ ಕಟ್ಟಲಿಲ್ಲ. ಊಟದ ನಂತರ ತೊಟ್ಟಿಯೊಳಗಿಳಿದು ಕೆಳಗಿನ ಮೂಲೆಗಳನ್ನು ಬೆಸೆದೆ. ಬಿಳಿ ಹೊಗೆ ನನ್ನ ತೊಡೆಯ ಮೇಲಿಂದ ಎದ್ದು ಮುಖ ಸುತ್ತಿ ಮೇಲೆ ಹೋಗುತ್ತಿತ್ತು. ಹೊರಗಿನಿಂದ ಅಣ್ಣ ಗಳಿಗೆಗೊಮ್ಮೆ ತಗಡು ಬಡಿದು "ಅದೀಯೇನೋ?" ಎನ್ನುತ್ತಿದ್ದ. ನಾನು ಒಳಗಿನಿಂದ ಬಡಿಯುತ್ತಿದ್ದೆ. ನನ್ನ ಬೆಸುಗೆ ಅವನಷ್ಟು ನಯವಾಗಿರಲಿಲ್ಲ. ಎರಡು ಕಡೆ ಹಿತ್ತಾಳೆ ಗಂಟು ಕಟ್ಟಿತು. ಈ ಪಳಗದ ಕೈಯಿಂದಾಗಿ ಹೊಗೆ ಇನ್ನೂ ಹೆಚ್ಚೇ ಸಿಕ್ಕಿತು.

ಸಂಜೆ ಮಾವನ ಮನೆಯ ಹೊಸ್ತಿಲ ಹೊರಗಿನ ಪಡಸಾಲೆಯಲ್ಲಿ ಕೂತೆವು. ಅಣ್ಣ ಬಾಗಿಲ ಹತ್ತಿರ, ನಾನು ಕಂಬದ ಹತ್ತಿರ. ಮಾವ ನಮ್ಮಿಬ್ಬರ ಎದುರಿಗೆ. ಒಳಗೆ ಮಗು ಅಳುತ್ತಿತ್ತು, ಅತ್ತಿಗೆ ಸಮಾಧಾನ ಮಾಡುತ್ತಿದ್ದರು. ಸ್ವಲ್ಪ ಹೊತ್ತಿಗೊಮ್ಮೆ ಮಾವ ಎದ್ದು ಬಂದು ಇಬ್ಬರ ಹಣೆಗೂ ಕೈ ಹಿಂದುಮುಂದು ಮಾಡಿ ಮುಟ್ಟಿ ನೋಡುತ್ತಿದ್ದರು. ಇಬ್ಬರೂ ತಣ್ಣಗಿದ್ದೆವು. ತೋಟದ ಕಡೆಯಿಂದ ಗಾಳಿ ಬೀಸಿತು, ಅಣ್ಣ ಒಮ್ಮೆ ಮೈ ಮುದುಡಿಕೊಂಡ. ಮಾವನೂ ನಾನೂ ಅವನನ್ನೇ ನೋಡಿದೆವು. ನಾನೇ ತಪ್ಪು ಲೆಕ್ಕ ಹಾಕಿದೆನೇ? ಬಾಯಿ ಒಣಗಿತ್ತು. ಚರಿಗೆ ಎತ್ತಿ ನೀರು ಕುಡಿದೆ.

"ವೈನೀ, ನೀರಿಗೆ ಬೆಲ್ಲ ಹಾಕೀರೇನ್ರಿ?"

"ನೀರಿಗ್ಯಾರರ ಬೆಲ್ಲ ಹಾಕ್ತಾರೇನು?" ಒಳಗಿನಿಂದ ಅತ್ತಿಗೆ ಅಂದರು.

ಅಣ್ಣ ನನ್ನನ್ನು ನೋಡಿದ. ಆ ರುಚಿ ಅವನೊಬ್ಬನಿಗೇ ಗೊತ್ತಿದ್ದದ್ದು. ಎದ್ದು, ಮುಖ ಗೋಡೆಯ ಕಡೆ ತಿರುಗಿಸಿ ನಿಂತ. ದೀಪ ತರುವ ಹೊತ್ತಿಗೆ ನನಗೆ ಚಳಿ ಹತ್ತಿತು. ಬೆನ್ನಿನಿಂದ ಶುರುವಾಗಿ ಹಲ್ಲಿಗೆ ಬಂತು. ಕಂಬಳಿ ತಂದು ಹೊದಿಸಿದವರು ಮಾವ. ಅಷ್ಟು ಜೋರಾಗಿ ನಡುಗುತ್ತ ನಾನು ಅಷ್ಟು ಹಗುರಾದದ್ದು ಅದೊಂದೇ ಸಲ. ಮೈ ಸುಡುತ್ತಿದ್ದರೂ ಕಣ್ಣು ತೆರೆದಾಗಲೆಲ್ಲ ಅಣ್ಣನ ಕೈ ಹಿಡಿದು ನೋಡುತ್ತಿದ್ದೆ. ತಣ್ಣಗಿತ್ತು.

"ಮಲ್ಕೋ," ಎನ್ನುತ್ತಿದ್ದ. "ನನಗೇನಾಗಿಲ್ಲ. ಮಲ್ಕೋ ತಮ್ಮಾ."

ಬೆಳಿಗ್ಗೆ ಬೆವರಿಗೆ ಕಂಬಳಿ ಒದ್ದೆಯಾಗಿತ್ತು, ಜ್ವರ ಇರಲಿಲ್ಲ. ಹಸಿವು ಮಾತ್ರ ಇತ್ತು. ರೊಟ್ಟಿ, ಪುಂಡಿಪಲ್ಯ ತಿನ್ನುತ್ತಿದ್ದ ನನ್ನನ್ನು ಮಾವ ಬಹಳ ಹೊತ್ತು ನೋಡಿದರು.

"ಇನ್ನೊಂದು ಸಂಜೀ ನೋಡೂಣು," ಎಂದರು. "ಇವತ್ತು ಅವರೇ ಮಾಡಲಿ."

ಎರಡು ದಿನ ಹೊಗೆ ಬಿಟ್ಟಿದ್ದ ಅಣ್ಣನಿಗೆ ಆ ಮಂಗಳವಾರವೇ ರಜೆಯ ಮರುದಿನ ಇದ್ದ ಹಾಗೆ. ಅವನೇ ಬೆಂಕಿ ಹಿಡಿದ. ಆದರೆ ಬೇರೆ ರೀತಿಯಲ್ಲಿ. ಬೆಸೆಯುವ ಅಂಚಿನ ಜಸ್ತವನ್ನು ಮೊದಲು ಕಾನಸಿನಿಂದ, ಅಂದರೆ ಅರದಿಂದ, ಉಜ್ಜಿ ತೆಗೆದೆವು, ಕೆಳಗಿನ ಕಪ್ಪು ಕಬ್ಬಿಣ ಕಾಣುವ ತನಕ. ಒಂದು ಬದಿಯ ತಗಡು ಕೂಡಿಸದೆ ಗಾಳಿಗೆ ಬಿಟ್ಟೆವು. ಗಾಳಿ ಎತ್ತಲಿಂದ ಬರುತ್ತದೆ ನೋಡಿ ಅದಕ್ಕೆ ಬೆನ್ನು ಕೊಟ್ಟು ಕೂತ, ಹೊಗೆ ಮುಂದಕ್ಕೆ ಹೋಯಿತು. ಕೆಲಸ ನಿಧಾನವಾಯಿತು, ಕಾನಸು ಹಾಕಿ ನನ್ನ ಹೆಗಲು ಬಿದ್ದುಹೋಯಿತು. ಆಮೇಲೆ ನಮ್ಮ ಕಾರ್ಖಾನೆಯಲ್ಲಿ ಅದೇ ಪದ್ಧತಿಯಾಯಿತು. ಉಸ್ತಾದರು ಬೆಸುಗೆಯನ್ನು ಖೋಲಿಯಿಂದ ಅಂಗಳಕ್ಕೆ ತಂದರು. ರಜೆಯ ಮರುದಿನ ಆ ಜ್ವರ ಮತ್ತೆ ಬರಲಿಲ್ಲ. ಡಾಕ್ಟರು ನಾನು ಮಾಡಿದ್ದನ್ನು ಕೇಳಿ ಚೆನ್ನಾಗಿ ಬೈದರು. ಬೆಳಿಗ್ಗೆ ಹೋಗುವ ಜ್ವರವಾದ ಮಾತ್ರಕ್ಕೆ ಎದೆಗೆ ಏನೂ ಆಗುವುದಿಲ್ಲವೆಂದು ತಿಳಿಯಬೇಡ ಎಂದರು. ಕೊನೆಯ ವರುಷಗಳಲ್ಲಿ ಮೆಟ್ಟಿಲು ಹತ್ತಿದರೆ ಅಣ್ಣನಿಗೆ ಉಸಿರು ಕಟ್ಟುತ್ತಿತ್ತು. ಆಗ ಆ ಮಾತು ನೆನೆದೆ. ಅದು ಹಳೆಯ ಹೊಗೆಯೋ ವಯಸ್ಸೋ ಯಾರೂ ಖಚಿತವಾಗಿ ಹೇಳಲಿಲ್ಲ. ಮೊಮ್ಮಕ್ಕಳ ಮದುವೆ ನೋಡಿದ ಮೇಲೆ ಬಂದ ಏದುಸಿರು ಅದು, ಅಷ್ಟು ಮಾತ್ರ ನಾನು ಹೇಳಬಲ್ಲೆ.

ಮಂಗಳವಾರ ಸಂಜೆ ಯಾರಿಗೂ ಏನೂ ಆಗಲಿಲ್ಲ. ದೀಪ ಹಚ್ಚಿದರು, ಉಂಡೆವು, ಮಾವ ಹಣೆ ಮುಟ್ಟಿ ನೋಡುವುದನ್ನೂ ಬಿಟ್ಟರು.

ಬುಧವಾರ ಬೆಳಿಗ್ಗೆ ಬಸ್ಸಿಗೆ ಹೊರಟು ನಿಂತೆವು. ಅಣ್ಣ ರೂಢಿಯಂತೆ ಹೊಸ್ತಿಲ ಹೊರಗೆ ನಿಂತಿದ್ದ. ಒಳಗೆ ಟ್ರಂಕಿನ ಸದ್ದಾಯಿತು. ಅತ್ತಿಗೆ ಹೊಸ ಸೀರೆ ಉಟ್ಟು ಬಾಗಿಲಲ್ಲಿ ಕಂಡರು. ಅವರ ಮುಂದೆ ಮಾವ, ಎರಡೂ ಕೈಯಲ್ಲಿ ಮಗು.

"ಹಿಡೀರಿ ಅಳಿಯಂದಿರೇ," ಎಂದರು. "ಭಾಳ ಒದೀತದ. ಗಟ್ಟಿ ಹಿಡೀರಿ."

ಅಣ್ಣ ಕೈಗಳನ್ನು ಧೋತರಕ್ಕೆ ಒರಸಿದ, ಮತ್ತೆ ಒರಸಿದ. ಆಮೇಲೆ ಹೊಸ್ತಿಲು ದಾಟಿ ಒಳಗೆ ಹೋಗಿ ತೆಗೆದುಕೊಂಡ. ಮಗು ಹೊಸ ಮುಖ ನೋಡಿ ದೊಡ್ಡ ಬಾಯಿ ತೆರೆದು ಅಳತೊಡಗಿತು.

"ಇಲ್ಲಿ ಕೊಡ್ರಿ," ಎಂದು ಅತ್ತಿಗೆ ಕೈ ಚಾಚಿದರು.

"ಅಳಲಿ," ಎಂದ ಅಣ್ಣ.

ಬಸ್ಸು ಕಮಲಾಪುರ ದಾಟುವ ತನಕ ಅದು ಅಳುತ್ತಲೇ ಇತ್ತು. ಜನ ತಿರುಗಿ ತಿರುಗಿ ನೋಡುತ್ತಿದ್ದರು. ಅವನು ಕೊಡಲಿಲ್ಲ.